ಅಂಗೈಯಲ್ಲಿ ಹಾವುರಾಣಿ

ಬೆಳಿಗ್ಗೆ ಬಿಗಿ ಬಿಡುವಾಗ ಎಲ್ಲಕ್ಕಿಂತ ಮೊದಲು ಜೀವ ಬರುವುದು ಬೆರಳುಗಳಿಗೆ. ಕೇಳದೆ ಹೇಳದೆ ಅವು ಒಳಕ್ಕೆ ಮಡಚಿಕೊಳ್ಳುತ್ತವೆ, ಮುಷ್ಟಿ ಕಟ್ಟುತ್ತದೆ, ಆಮೇಲಷ್ಟೇ ಮಣಿಕಟ್ಟು, ಮೊಣಕೈ, ಕತ್ತು. ನನ್ನ ಚಿಂತೆ ಇಷ್ಟೇ: ಒಂದು ದಿನ ಹೀಗೆ ಬೆರಳು ಮಡಚಿಕೊಳ್ಳುವಾಗ ಅಂಗೈಯಲ್ಲಿ ಮಲಗಿರುವುದು ಒಳಗೇ ಸಿಕ್ಕಿಕೊಂಡು ನುಜ್ಜಾಗಿಹೋದರೆ? ಇದನ್ನು ದಿನಚರಿಯಲ್ಲಿ ಬರೆದುಬಿಡೋಣ, ಮನಸ್ಸು ಹಗುರವಾದೀತು ಎಂದು ಮೂರು ಮಧ್ಯಾಹ್ನ ಕೂತೆ. ಮೂರು ದಿನವೂ "ಇಂದು ವಿಶೇಷವೇನಿಲ್ಲ. ಬಿಸಿಲು ಚೆನ್ನಾಗಿತ್ತು" ಎಂದು ಬರೆದು ಮುಚ್ಚಿಟ್ಟೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆಯುವವಳು ನಾನು. ಬಿ.ಎ. ಮಾಡಿದ್ದರ ಫಲವೆಂದರೆ ಆ ಸುಳ್ಳಿನಲ್ಲಿ ಕಾಗುಣಿತದ ತಪ್ಪಿರುವುದಿಲ್ಲ, ಅಷ್ಟೇ.

ಅಂಗೈಯಲ್ಲಿ ಮಲಗುವುದು ಒಂದು ಹಾವುರಾಣಿ. ನನ್ನ ನಡುಬೆರಳಿಗಿಂತ ತುಸು ಉದ್ದ. ಎಣ್ಣೆ ಸವರಿದ ಕಂಚಿನ ಬಣ್ಣದ ಮೈ, ಇಟ್ಟಿಗೆ ಕೆಂಪಿನ ಬಾಲ. ಕಾಲುಗಳು ನಾಲ್ಕಿವೆ, ಆದರೆ ಹಾವು ಮಾಡಿ ಮುಗಿಸಿದ ಮೇಲೆ ಬ್ರಹ್ಮನಿಗೆ ಏನೋ ನೆನಪಾಗಿ ಅವಸರದಲ್ಲಿ ಅಂಟಿಸಿದಂತೆ ಪುಟ್ಟಪುಟ್ಟವು. ನಾನು ಅದನ್ನು ಮನಸ್ಸಿನಲ್ಲೇ ರಾಣಮ್ಮ ಎಂದು ಕರೆಯುತ್ತೇನೆ.

ನಮ್ಮ ಊರಿನಲ್ಲಿ ಮಲಗಿದವರ ಮೈ ಬೆಳಗಾಗುವ ಹೊತ್ತಿಗೆ ಮರದ ಕೊರಡಾಗಿರುತ್ತದೆ. ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ಪಕ್ಕದ ಮನೆಯ ಒಲೆಯ ಮೇಲಿರುವುದು ಉಪ್ಪಿಟ್ಟೋ ಅವಲಕ್ಕಿಯೋ ಎಂದು ಮೂಗಿಗೆ ತಿಳಿಯುತ್ತದೆ. ಬೇರೇನೂ ಅಲ್ಲಾಡುವುದಿಲ್ಲ. ಬಿಸಿಲು ಮೈಮೇಲೆ ಬಿದ್ದು ಇಪ್ಪತ್ತು ನಿಮಿಷವಾದ ಮೇಲೆ ಬಿಗಿ ಬಿಡುತ್ತದೆ. ಆದ್ದರಿಂದ ನಮ್ಮಲ್ಲಿ ಹಾಲು ಬರುವುದು ಒಂಬತ್ತಕ್ಕೆ, ದೇವಸ್ಥಾನದ ಸುಪ್ರಭಾತ ಹತ್ತಕ್ಕೆ, ಕಾಲೇಜಿನ ಗಂಟೆ ಹನ್ನೊಂದಕ್ಕೆ. ಮದುವೆಗಳ ಮುಹೂರ್ತವೆಲ್ಲ ಊಟದ ಹೊತ್ತಿಗೇ ಬರುತ್ತದೆ. ಪುರೋಹಿತರು ಹಾಗೆ ಕೂಡಿಸುತ್ತಾರೆ. ಬೆಳಗಿನ ಹೊತ್ತು ಕಳ್ಳರು ಬಂದರೆ ಗತಿಯೇನು ಎಂದು ಹೊರಗಿನವರು ಕೇಳುವುದುಂಟು. ಬರುವುದಿಲ್ಲ, ಕಳ್ಳರೂ ನಮ್ಮೂರಿನವರೇ.

ಪ್ರತಿ ಮನೆಯಲ್ಲಿ ಒಬ್ಬರು ಮಾತ್ರ ಒಲೆಯ ಪಕ್ಕ, ಕೆಂಡದ ಕಾವಿನಲ್ಲಿ ಮಲಗುತ್ತಾರೆ. ಅವರಿಗೆ ಬಿಗಿಯಾಗುವುದಿಲ್ಲ. ಅವರನ್ನು ಒಲೆಯವರು ಎನ್ನುತ್ತಾರೆ. ಬೆಳಕು ಹರಿದೊಡನೆ ಉಳಿದವರ ಗಾಲಿ ಮಂಚಗಳನ್ನು ಜಗಲಿಗೆ ಎಳೆದು ತರುವುದು ಅವರ ಕೆಲಸ. ನಮ್ಮ ಮನೆಯ ಒಲೆಯವಳು ತುಂಗತ್ತೆ, ಅಪ್ಪನ ತಂಗಿ. ಮದುವೆಯಾಗಲಿಲ್ಲ. ಇಪ್ಪತ್ತು ವರ್ಷದಿಂದ ಅವಳ ಸೀರೆಗೆ ಹೊಗೆಯ ವಾಸನೆ, ನಾಲಿಗೆಗೆ ಮೆಣಸಿನಕಾಯಿಯ ಖಾರ. ನಮ್ಮ ಅಪ್ಪ ಮೌನೇಶಾಚಾರರು ಈ ಗಾಲಿ ಮಂಚಗಳನ್ನು ಮಾಡುವ ಬಡಗಿ. ಸದ್ದಾಗದ ಗಾಲಿ ಬೇಕಾದರೆ ಊರಿನವರು ನಮ್ಮ ಮನೆಗೇ ಬರಬೇಕು. ತಲೆಹಲಗೆಗೆ ಬಣ್ಣ ಬಳಿಯುವುದು, ಬಳ್ಳಿ ಹೂವು ಬರೆಯುವುದು ನನ್ನ ಕೆಲಸ.

ಬಿಗಿಯ ವಿಷಯದಲ್ಲಿ ಒಂದು ಮರ್ಯಾದೆಯಿದೆ. ಮೈ ಬಿಟ್ಟವರು ಇನ್ನೂ ಬಿಡದವರನ್ನು ದಿಟ್ಟಿಸಿ ನೋಡಬಾರದು. ಆ ಹೊತ್ತಿನಲ್ಲಿ ಏನನ್ನಿಸಿತು ಎಂದು ಕೇಳಬಾರದು, ಹೇಳಲೂಬಾರದು. ಎದ್ದವರನ್ನು ಕಂಡರೆ "ಬಿಡ್ತಾ?" ಎನ್ನಬೇಕು. ಅವರು "ಬಿಡ್ತು" ಎನ್ನಬೇಕು. ಮುಗಿಯಿತು. ಹಿಂದಿನ ದಿನ ಜಗಳವಾಡಿದವರೂ ಇಷ್ಟನ್ನಂತೂ ಆಡುತ್ತಾರೆ.

ಇನ್ನೊಂದು ಪದ್ಧತಿ ಜಾಗದ್ದು. ಹಿರಿಯರಿಗೆ ಮೊದಲ ಬಿಸಿಲು. ಎದುರು ಮನೆಯ ಮಹಡಿಯ ನೆರಳು ನಮ್ಮ ಜಗಲಿಯ ಮೇಲೆ ಹಾಸಿರುತ್ತದೆ. ಹೊತ್ತು ಏರಿದಂತೆ ಚಾಪೆ ಸುತ್ತಿದ ಹಾಗೆ ಅದು ಸುತ್ತಿಕೊಳ್ಳುತ್ತಾ ಒಂದೊಂದೇ ಮಂಚವನ್ನು ಬಿಟ್ಟುಕೊಡುತ್ತದೆ. ಮೊದಲು ಅಪ್ಪ, ಆಮೇಲೆ ಅಮ್ಮ. ಕಂಬದ ಆಚೆಗಿರುವ ನನ್ನ ಮಂಚಕ್ಕೆ ಬಿಸಿಲು ಬರಬೇಕಾದರೆ ಇನ್ನೂ ಅರ್ಧ ಗಂಟೆ. ಅಷ್ಟರಲ್ಲಿ ಅವರಿಬ್ಬರೂ ಎದ್ದು, ಮೈ ಮುರಿದು, ಒಳಗೆ ಹೋಗಿರುತ್ತಾರೆ. ಲೋಟಗಳ ಸದ್ದು ಕೇಳುತ್ತದೆ. ಅಪ್ಪ ಬಾಯಿ ಮುಕ್ಕಳಿಸುವುದು ಕೇಳುತ್ತದೆ. ಜಗಲಿಯಲ್ಲಿ ನಾನು, ಕಂಬ, ನೆರಳು.

ಒಂಬತ್ತು ವರ್ಷದವಳಿದ್ದಾಗ ಒಂದು ದಿನ ಅವರಿಬ್ಬರಿಗೂ ಬಿಟ್ಟ ಮೇಲೆ, ನನ್ನ ಸರದಿ ಬರುವ ಮೊದಲು, ಮೋಡ ಕವಿಯಿತು. ಅಂದು ಮನೆಯಲ್ಲಿ ಚಿಕ್ಕಮ್ಮನ ಸೀಮಂತ. ಹೂರಣ ರುಬ್ಬುವ ಸದ್ದು, ಬಳೆಗಳ ಸದ್ದು, ನಗು, ಬಂದವರ ಚಪ್ಪಲಿಯ ಸದ್ದು. ಬಂದವರೆಲ್ಲ ಮರ್ಯಾದಸ್ಥರು, ನನ್ನನ್ನು ನೋಡದೆ ಮುಖ ತಿರುಗಿಸಿಕೊಂಡು ಒಳಗೆ ಹೋದರು. ಒಂದು ನೊಣ ನನ್ನ ಕೆನ್ನೆಯಿಂದ ಹತ್ತಿ, ತೆರೆದ ಕಣ್ಣಿನ ಮೇಲೆ ನಿಧಾನವಾಗಿ ನಡೆದು ಆಚೆ ಇಳಿಯಿತು. ಇನ್ನು ನನಗೆ ಬಿಡುವುದೇ ಇಲ್ಲ, ನಾನು ಹೀಗೇ ಇರುತ್ತೇನೆ, ಇವರು ಹೀಗೇ ನಗುತ್ತಿರುತ್ತಾರೆ ಅನ್ನಿಸಿತು. ಊಟಕ್ಕೆ ಕೂತಾಗ ಒಂದು ಎಲೆ ಹೆಚ್ಚಾಗಿ ಉಳಿಯಿತಂತೆ, ಆಗ ನೆನಪಾದೆ. ಅತ್ತೆ ಓಡಿಬಂದು ಶಾಖ ಕೊಟ್ಟಳು. ಅಮ್ಮ ತಬ್ಬಿಕೊಂಡು ಅತ್ತಳು. ಆಮೇಲೆ ಎಲ್ಲರಿಗೂ ಅದೊಂದು ನಗೆಯ ಮಾತಾಯಿತು. "ಒಂದು ಚೂರು ಗಲಾಟೆ ಇಲ್ಲ ನೋಡಿ, ಎಷ್ಟು ಸಾಧು ಮಗು!" ಎಂದರು ಚಿಕ್ಕಮ್ಮನ ಅತ್ತೆ. ಬಿಗಿಯಲ್ಲಿರುವವಳು ಹೇಗೆ ಗಲಾಟೆ ಮಾಡಿಯಾಳು ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ವಾರಿಜ ಎಂಬ ನನ್ನ ಹೆಸರಿನ ಹಿಂದೆ ಸಾಧು ಎಂಬುದೂ ಸೇರಿಕೊಂಡಿತು. ಅಂದಿನಿಂದ ದಿನವೂ ಬೆಳಿಗ್ಗೆ, ಅಪ್ಪ ಅಮ್ಮನ ಮಂಚ ಖಾಲಿಯಾದ ಕೂಡಲೇ, ನನ್ನ ಎದೆಯೊಳಗೆ ಆ ನೊಣ ನಡೆಯತೊಡಗುತ್ತದೆ. ಹದಿಮೂರು ವರ್ಷವಾಯಿತು. ಇದನ್ನೂ ನಾನು ದಿನಚರಿಯಲ್ಲಿ ಬರೆದಿಲ್ಲ.

ಹಾವುರಾಣಿ ಬಂದದ್ದು ಕಾರ್ತಿಕ ಕಳೆದ ಮೇಲೆ. ಅಮ್ಮ ಆಗಷ್ಟೇ ಎದ್ದು ಒಳಗೆ ಹೋಗಿದ್ದಳು. ನೊಣ ನಡೆಯತೊಡಗಿತ್ತು. ಕಣ್ಣಂಚಿನಲ್ಲಿ ನೋಡುತ್ತೇನೆ, ನನ್ನ ತೆರೆದ ಅಂಗೈಯಲ್ಲಿ ಏನೋ ಮಲಗಿದೆ. ಯಾವಾಗ ಹತ್ತಿತೋ, ಬೆಳಗಿನ ಚಳಿಗೆ ಅದಕ್ಕೂ ಬಿಗಿಯಾಗಿತ್ತು. ಕಣ್ಣು ಮಾತ್ರ ತೆರೆದು ನನ್ನ ಕಡೆಗೇ ನೋಡುತ್ತಿತ್ತು. ಹೆದರಬೇಕೆಂದು ನನಗೆ ಹೊಳೆಯಲೇ ಇಲ್ಲ. ಇಬ್ಬರೂ ಕಾದೆವು. ನೆರಳು ಸರಿದು ಬಿಸಿಲು ಕೈಗೆ ಬಿತ್ತು. ಪುಟ್ಟ ಮೈ ತಾನೇ, ಅದಕ್ಕೆ ಐದೇ ನಿಮಿಷಕ್ಕೆ ಬಿಟ್ಟಿತು. ನಾಲಿಗೆ ಹೊರಹಾಕಿ ಗಾಳಿಯ ರುಚಿ ನೋಡಿತು, ಬಾಲ ಅಲ್ಲಾಡಿಸಿತು, ಸರಕ್ಕನೆ ಇಳಿದು ಹೋಯಿತು. ಇದಕ್ಕೆ ಬಿಟ್ಟಿತು, ಹಾಗಾದರೆ ನನಗೂ ಬಿಡುತ್ತದೆ ಎಂದುಕೊಂಡೆ. ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ ನೊಣ ಅರ್ಧ ದಾರಿಯಲ್ಲಿ ನಿಂತಿತು.

ಮಾರನೆಯ ದಿನವೂ ಬಂತು. ಅದರ ಮಾರನೆಯ ದಿನ ಬರಲಿಲ್ಲ. ಆವತ್ತಿನ ಅರ್ಧ ಗಂಟೆ ಹೇಗೆ ಕಳೆಯಿತೆಂದು ಹೇಳಲಾರೆ. ಮಧ್ಯಾಹ್ನವೇ ಅಪ್ಪನ ಮರಗೆಲಸದ ಕೊಟ್ಟಿಗೆಯಿಂದ ಹಲಗೆಯ ಚೂರುಗಳನ್ನು ಆರಿಸಿ ಒಂದು ಪೆಟ್ಟಿಗೆ ಬಡಿದೆ, ಮರದ ಹೊಟ್ಟು ತುಂಬಿದೆ, ಹಿತ್ತಿಲಿನ ಕಲ್ಲುಸಂದಿಯಲ್ಲಿ ಬಿಸಿಲಿಗೆ ಮಲಗಿದ್ದ ರಾಣಮ್ಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದೆ. ಗೆದ್ದಲು, ಅಕ್ಕಿಯ ಹುಳ, ಒಮ್ಮೊಮ್ಮೆ ಜಿರಲೆಯ ಮರಿ, ಇವೇ ಅದರ ಊಟ. ಹಗಲೆಲ್ಲ ಪೆಟ್ಟಿಗೆ ಮಂಚದ ಕೆಳಗೆ. ಮಲಗುವಾಗ ಅದು ಅಂಗೈಗೆ. ಮೊದಮೊದಲು ಬಿಸಿಲು ತಾಗಿದೊಡನೆ ಇಳಿದು ಹೋಗುತ್ತಿತ್ತು. ಬರಬರುತ್ತಾ ಬಿಟ್ಟ ಮೇಲೂ ಅಲ್ಲೇ ಬಿದ್ದುಕೊಂಡಿರಲು ಶುರುಮಾಡಿತು. ನನ್ನ ಬೆರಳಿನ ಚಿಂತೆ ಹುಟ್ಟಿದ್ದು ಆಗ.

ಅತ್ತೆಯ ಕಣ್ಣಿಗೆ ಬಿದ್ದದ್ದು ಒಂದು ಬುಧವಾರ. ಮಂಚವನ್ನು ಕತ್ತಲೆ ಕೋಣೆಯಿಂದ ಎಳೆಯುವಾಗ ಅವಳಿಗೆ ಏನೂ ಕಂಡಿರಲಿಲ್ಲ. ಜಗಲಿ ಗುಡಿಸಲು ಪೊರಕೆ ಹಿಡಿದು ಬಂದಳು, ಕಂಬದ ಹತ್ತಿರ ಬಗ್ಗಿದಳು, ನೆಟ್ಟಗಾದಳು.

"ಅಯ್ಯಯ್ಯೋ! ಹಾವುರಾಣಿ! ಅಣ್ಣಾ, ಮಗಳ ಕೈಮೇಲೆ ಹಾವುರಾಣಿ!"

ಅಣ್ಣನಿಗಾಗಲಿ ಅತ್ತಿಗೆಗಾಗಲಿ ಇನ್ನೂ ಬಿಟ್ಟಿರಲಿಲ್ಲ. ಎಲ್ಲರೂ ಕೇಳಿಸಿಕೊಂಡೆವು, ಯಾರೂ ಅಲ್ಲಾಡಲಿಲ್ಲ. ಪೊರಕೆ ಮೇಲೆದ್ದದ್ದು ನನಗೆ ಕಂಡಿತು. ಬೇಡ ಅತ್ತೆ ಎಂದು ಕೂಗಿದೆ. ಕೂಗು ಗಂಟಲಿನ ಬುಡದಲ್ಲಿ ಕೊರಡಾಗಿ ಕೂತಿತ್ತು. ಪೊರಕೆ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ರಾಣಮ್ಮ ಉರುಳಿ ದಿಂಬಿನ ಸಂದಿಗೆ ಬಿತ್ತು. ಅದರ ಕೆಂಪು ಬಾಲ ಮಾತ್ರ ನನ್ನ ಕೈಮೇಲೆ ಉಳಿದು, ತಾನೇ ಒಂದು ಪ್ರಾಣಿಯೆಂಬಂತೆ, ಹೊರಳಿ ಹೊರಳಿ ಒದ್ದಾಡಿತು. ಅದನ್ನು ನೋಡುತ್ತಾ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಮಲಗಿದ್ದೆ. ಒದ್ದಾಟ ಎಂದೋ ನಿಂತಿತ್ತು.

ಅತ್ತೆ ಅಂದು ಮರ್ಯಾದೆ ಮುರಿದಳು. ಅಪ್ಪ ಅಮ್ಮ ಎದ್ದು ಬಂದು ಇಣುಕಿ ಮುಖ ತಿರುಗಿಸಿಕೊಂಡು ಹೋದರೂ ಇವಳು ನನ್ನ ಮಂಚದ ಅಂಚಿನಲ್ಲೇ ಕೂತು ಮುಖವನ್ನೇ ನೋಡುತ್ತಿದ್ದಳು. "ನೆಕ್ಕಿಬಿಡ್ತೇನೋ ಪಿಶಾಚಿ. ಅದು ನೆಕ್ಕಿದ್ರೆ ರಕ್ತ ಹೆಪ್ಪುಗಟ್ಟುತ್ತೆ ಅಂತಾರೆ. ಬೇಗ ಬಿಡಲಿ ದೇವರೇ, ಬೇಗ ಬಿಡಲಿ," ಎಂದು ಗೊಣಗುತ್ತಿದ್ದಳು. ಬಿಸಿಲು ಬಂತು. ಬೆರಳು ಮಡಚಿತು.

"ಬಿಡ್ತಾ?" ಎಂದಳು.

ಹೇಳಲು ನೂರು ಮಾತಿದ್ದವು. "ಬಿಡ್ತು," ಎಂದೆ.

ಮಧ್ಯಾಹ್ನದ ಊಟದ ಹೊತ್ತಿಗೆ ನ್ಯಾಯ ಕೂತಿತು. ಅಪ್ಪ ಸಾರಿಗೆ ಅನ್ನ ಕಲಸುತ್ತಾ, ಅಮ್ಮ ಬಡಿಸುತ್ತಾ, ಅತ್ತೆ ಬಾಗಿಲಿಗೆ ಒರಗಿ ನಿಂತು. ದಿಂಬಿನ ಸಂದಿಯಿಂದ ರಾಣಮ್ಮನನ್ನು ತೆಗೆದು ನಾನು ಪೆಟ್ಟಿಗೆಗೆ ಹಾಕಿದ್ದು, ಹಾಗಾದರೆ ಆ ಪೆಟ್ಟಿಗೆ ಇಪ್ಪತ್ತು ದಿನದಿಂದ ಅಲ್ಲೇ ಇದ್ದದ್ದು, ಎಲ್ಲ ಆಗಲೇ ಹೊರಬಿದ್ದಿತ್ತು.

"ಇಪ್ಪತ್ತು ದಿನದಿಂದ ರಾಣಿಯವರ ದರ್ಬಾರು ನಡೀತಿದೆ ಮನೇಲಿ," ಎಂದಳು ಅತ್ತೆ. "ನಾನು ಮೂರ್ಖಳು, ಮಂಚದ ಜೊತೆ ಪಲ್ಲಕ್ಕೀನೂ ಎಳೀತಿದ್ದೆ."

"ಲಕ್ಷಣವಾಗಿ ಒಂದು ಗಿಳಿನೋ ಬೆಕ್ಕಿನ ಮರಿನೋ ಕೇಳಿದ್ರೆ ಬೇಡ ಅಂತಿದ್ವಾ?" ಎಂದಳು ಅಮ್ಮ. "ಪಕ್ಕದ್ಮನೆ ಅಂಬಕ್ಕಂಗೆ ಗೊತ್ತಾದ್ರೆ ಏನಂದಾಳು? ಆಚಾರ್ರ ಮಗಳು ಹುಳಹುಪ್ಪಟೆ ಸಾಕ್ತಾಳಂತೆ ಅಂತ ಸಂಜೆಯೊಳಗೆ ಊರು ತುಂಬಾ ಸಾರಿಬಿಡ್ತಾಳೆ."

ಬೆಕ್ಕಿಗೆ ಬಿಗಿಯಾಗುವುದಿಲ್ಲ. ಗಿಳಿಗೂ ಇಲ್ಲ. ಬೆಳಿಗ್ಗೆ ಬೆಕ್ಕು ನಮ್ಮ ಹೊಟ್ಟೆಯ ಮೇಲೆ ಹಾದುಹೋಗುತ್ತದೆ, ನಾವು ದಾರಿಯೆಂಬಂತೆ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಬಂದ ಮಾತು ಬೇರೆ. "ಜಿರಲೆ ತಿನ್ನುತ್ತಮ್ಮ. ಮನೆಗೆ ಒಳ್ಳೇದು."

"ಜಿರಲೆಗೆ ಹಲ್ಲಿಗಳಿಲ್ವಾ?"

"ಅದಕ್ಕೆ ವಿಷಾನೂ ಇಲ್ಲ. ಲೈಬ್ರರಿ ಪುಸ್ತಕದಲ್ಲಿದೆ."

"ಬರೆದವನನ್ನ ಅದು ನೆಕ್ಕಿತ್ತಂತಾ?" ಎಂದಳು ಅತ್ತೆ.

ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು. ಅವರು ಗದರುವವರಲ್ಲ. ಮರಕ್ಕೆ ಉಳಿ ಇಡುವ ಮೊದಲು ಬೆರಳಾಡಿಸಿ ನೋಡುತ್ತಾರಲ್ಲ, ಮಾತನ್ನೂ ಹಾಗೇ ಸವರಿ ನೋಡಿ ಇಡುತ್ತಾರೆ. "ನನ್ನ ಛತ್ರದ ಕಥೆ ನಿಂಗೆ ಗೊತ್ತಲ್ಲ ಮಗಾ," ಎಂದರು.

ಆ ಕಥೆ ಗೊತ್ತಿಲ್ಲದವರು ಊರಿನಲ್ಲೇ ಇಲ್ಲ. ಯಾವ ಮದುವೆಯಲ್ಲಿ ಅಪ್ಪ ಎದ್ದು ನಿಂತರೂ ಜನ ಅದನ್ನೇ ಹೇಳಿಸಿ ನಗುತ್ತಾರೆ. ಹರೆಯದಲ್ಲಿ ಅವರು ಸಾಗುವಾನಿ ನೋಡಲು ಕೆಳಗಿನೂರಿಗೆ ಹೋಗಿದ್ದರು. ಅಲ್ಲಿಯವರಿಗೆ ಬಿಗಿಯಾಗುವುದಿಲ್ಲ. ಛತ್ರದಲ್ಲಿ ಮಲಗಿದರು. ಬೆಳಿಗ್ಗೆ ಬಾಗಿಲು ತೆಗೆದವರು ನೋಡಿದರೆ ಕೊರಡು. ಹತ್ತು ಜನ ಸೇರಿದರು, ಚಟ್ಟ ಕಟ್ಟಿದರು, ಸೇವಂತಿಗೆಯ ಹಾರ ಹಾಕಿದರು. ಗುರುತು ಪರಿಚಯವಿಲ್ಲದ ಒಬ್ಬ ಮುದುಕಿ ಯಾರ ಹೆತ್ತ ಮಗನೋ ಎಂದು ಅತ್ತಳು. ಹೊತ್ತು ತಂದು ಅಂಗಳದಲ್ಲಿ ಇಳಿಸಿದರು, ಬಿಸಿಲು ಬಿತ್ತು, ಅಪ್ಪ ಎದ್ದು ಕೂತರು. ಅರ್ಧ ಜನ ಓಡಿದರು, ಉಳಿದರ್ಧ ಜನ ಕೈಮುಗಿದರು. ಮದುವೆಗಳಲ್ಲಿ ಜನ ನಗುವುದು ಇಲ್ಲಿ.

"ಆಮೇಲೆ ವಿಷಯ ತಿಳಿದ್ಮೇಲೆ ಅಲ್ಲಿಯವರು ಏನಂದ್ರು ಅನ್ನೋದನ್ನ ನಾನು ಮದುವೆಗಳಲ್ಲಿ ಹೇಳಲ್ಲ," ಎಂದರು ಅಪ್ಪ. "ಓ, ಇವನು ಓತಿಕ್ಯಾತದ ಊರಿನವನು, ಅಂದ್ರು. ನಾಲ್ಕು ದಿನ ಇದ್ದೆ. ಹುಡುಗರೆಲ್ಲ ನನ್ನ ಹಿಂದೆ ತಲೆ ಕುಣಿಸ್ತಾ ಬರೋರು. ಈಗ ನಾವೇ ಅಂಥದ್ದನ್ನ ಕರೆದು ಮಣೆ ಹಾಕಿ ಕೂರಿಸೋದಾ? ನಾವು ಹಾಗಲ್ಲ ಅಂತ ಹೇಳ್ಕೊಂಡು ತಿರುಗೋದ್ರಲ್ಲೇ ನನ್ನ ಅರ್ಧ ಆಯುಸ್ಸು ಹೋಯ್ತು." ಅನ್ನವನ್ನು ಒಮ್ಮೆ ಕಲಸಿ, ಇನ್ನೊಮ್ಮೆ ಕಲಸಿ, ಎಲೆಯನ್ನೇ ನೋಡುತ್ತಾ ಹೇಳಿದರು, "ಹಾರದ ಹೂವು ಮೂಗಿಗೆ ಅಡ್ಡ ಬಂದಿತ್ತು."

ಇದನ್ನು ನಾನು ಎಂದೂ ಕೇಳಿರಲಿಲ್ಲ. ಅಮ್ಮ ಸಾರಿನ ಸೌಟನ್ನು ಎತ್ತಿದ್ದವಳು ಹಾಗೇ ಹಿಡಿದುಕೊಂಡಳು. ಆದರೆ ಬಿಗಿಯ ಹೊತ್ತಿನ ಮಾತನ್ನು ಮುಂದುವರಿಸುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ. ಅಪ್ಪ ತಾವೇ ತಲೆಯೆತ್ತಿದರು.

"ಇರಲಿ. ನಿಂಗೆ ಯಾಕೆ ಬೇಕು ಅದು? ಪುಸ್ತಕದ್ದು ಬೇಡ, ನಿಂದು ಹೇಳು."

ಮೂವರೂ ನನ್ನನ್ನು ನೋಡಿದರು. ನಾನು ಮಜ್ಜಿಗೆಯನ್ನು ನೋಡಿದೆ. "ಸುಮ್ನೆ," ಎಂದೆ.

"ಸುಮ್ನೆ ಬಂದದ್ದಕ್ಕೆ ಮನೇಲಿ ಜಾಗ ಕೊಡೋಕಾಗಲ್ಲ ಮಗಾ. ಕಾಲುವೆ ಹತ್ರ ಬಿಟ್ಟು ಬರೋಣ."

ಅಮ್ಮ ಅಲ್ಲಿ ಅಡ್ಡ ಬಂದಳು. "ಗಾಯ ಆದದ್ದನ್ನ ಹೊರಗೆ ಹಾಕಬಾರದು ರೀ. ಬಾಲ ಮಾಗಲಿ. ಆಮೇಲೆ ಬಿಟ್ರಾಯ್ತು."

"ಹಾಗೇ ಆಗಲಿ. ಸರಿ ತಾನೆ ಮಗಾ?"

"ಸರಿ," ಎಂದೆ. ಯಾರು ಏನು ಕೇಳಿದರೂ ನನ್ನ ಬಾಯಿಂದ ಮೊದಲು ಬರುವುದು ಅದೇ. ಕೊನೆಗೆ ಉಳಿಯುವುದೂ ಅದೇ.

ಬಾಲ ಮಾಗುವವರೆಗೆ ಎಂದಾಯಿತಲ್ಲ, ಪೆಟ್ಟಿಗೆ ರಾಜಾರೋಷವಾಗಿ ಜಗಲಿಯ ಕಂಬದ ಬುಡಕ್ಕೆ ಬಂತು. ಮೊಂಡು ಬಾಲದ ರಾಣಮ್ಮ ಮೊದಲೆರಡು ದಿನ ಹೊಟ್ಟಿನೊಳಗಿಂದ ತಲೆ ಹೊರಹಾಕಲಿಲ್ಲ. ಮೂರನೆಯ ದಿನ ಅತ್ತೆ ಒಂದು ಬಾಳೆ ಎಲೆಯ ಚೂರು ತಂದು ಪೆಟ್ಟಿಗೆಯ ಪಕ್ಕ ಇಟ್ಟಳು. ಅದರಲ್ಲಿ ಹತ್ತು ಹನ್ನೆರಡು ಗೆದ್ದಲು ಹರಿದಾಡುತ್ತಿದ್ದವು. "ಸೌದೇಲಿ ಸಿಕ್ವು. ಒಲೆಗೆ ಹಾಕಿದ್ರೆ ಚಟಚಟ ಅಂತವೆ, ಅದಕ್ಕೇ," ಎಂದಳು, ನಾನೇನೂ ಕೇಳದಿದ್ದರೂ. ಮಾರನೆಯ ದಿನ ಸೌದೆಯಲ್ಲಿ ಇನ್ನಷ್ಟು ಸಿಕ್ಕವು. ಅದರ ಮಾರನೆಯ ದಿನ ಅತ್ತೆ ಹಿತ್ತಿಲಿನಲ್ಲಿ ಸೀರೆ ಎತ್ತಿಕಟ್ಟಿ ಒಣಗಿದ ಬೊಡ್ಡೆಯೊಂದನ್ನು ಕೊಡಲಿಯಿಂದ ಸೀಳುತ್ತಿದ್ದಳು. ಆ ಬೊಡ್ಡೆ ಒಲೆಗೆ ಬಾರದ ಜಾತಿಯದು.

ಅಪ್ಪನೂ ಕೆಲಸದ ಮಧ್ಯೆ ಬಂದು ಪೆಟ್ಟಿಗೆಯನ್ನು ಕಾಲಿನಿಂದ ಒಂದು ಚೂರು ಬಿಸಿಲಿನ ಕಡೆಗೆ ನೂಕಿ ಹೋಗುತ್ತಿದ್ದರು. "ಇದ್ಯಾರು ಬಡಿದದ್ದು ಪೆಟ್ಟಿಗೆ? ಮೊಳೆ ಎಲ್ಲ ಸೊಟ್ಟ," ಎನ್ನುತ್ತಿದ್ದರು. ಗೊತ್ತಿಲ್ಲದೆ ಕೇಳಿದ್ದಲ್ಲ.

ಎಂಟನೆಯ ದಿನ ಬೆಳಿಗ್ಗೆ ಮೋಡ. ಮೋಡದ ದಿನ ನಮ್ಮ ಊರಿಗೆ ರಜೆ. ಜನ ಮಂಚಗಳಲ್ಲೇ ಇರುತ್ತಾರೆ. ಒಲೆಯವರು ಮಾತ್ರ ಹೊಟ್ಟಿಗೆ ಕಲ್ಲುಪ್ಪು ಬೆರೆಸಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಒಬ್ಬೊಬ್ಬರಿಗೇ ಶಾಖ ಕೊಟ್ಟು ಎಬ್ಬಿಸಬೇಕು. ಒಬ್ಬರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅತ್ತೆ ಅಪ್ಪನಿಂದ ಶುರುಮಾಡಿದಳು. ಅಪ್ಪ ಎದ್ದು ಒಳಗೆ ಹೋದರು. ಅಮ್ಮ ಎದ್ದಳು, ಹೋದಳು. ನಾನು ಆಕಾಶ ನೋಡುತ್ತಾ ಮಲಗಿದ್ದೆ. ಅಂಗೈಯಲ್ಲಿ ರಾಣಮ್ಮ ಇತ್ತು, ಅದರ ಹೊಟ್ಟೆ ನನ್ನ ತೊಗಲಿನಷ್ಟೇ ತಣ್ಣಗೆ. ಅದು ಇದ್ದದ್ದರಿಂದ ನೊಣ ಬಂದು ಬಾಗಿಲಲ್ಲೇ ನಿಂತಿತ್ತು.

ಅತ್ತೆ ಗಂಟು ಬಿಸಿಮಾಡಿಕೊಂಡು ಬಂದು ಪಕ್ಕದಲ್ಲಿ ಕೂತಳು. ರಾಣಮ್ಮನನ್ನು ನೋಡಿದಳು. ಪೊರಕೆಯೇನೂ ಹತ್ತಿರ ಇರಲಿಲ್ಲ. ಗಂಟನ್ನು ನನ್ನ ಮಣಿಕಟ್ಟಿಗೆ ಒತ್ತಿ ಹಿಡಿದಳು, ಅದೇ ಮಣಿಕಟ್ಟಿಗೆ.

"ಜಿರಲೆಗೋಸ್ಕರ ಅಲ್ಲ ಅಲ್ವಾ ಇದು," ಎಂದಳು ಮೆಲ್ಲಗೆ.

ಉತ್ತರ ಹೇಳಲಾರದವರ ಹತ್ತಿರ ಮಾತಾಡುವುದು ಅವಳಿಗೂ ಸುಲಭವಾಗಿತ್ತೇನೋ. ಗಂಟನ್ನು ಮೊಣಕೈವರೆಗೆ ಒಯ್ದು ಮತ್ತೆ ಕೆಳಗೆ ತಂದಳು. "ಎಲ್ರೂ ಏನಂದ್ಕೊಂಡಿದಾರೆ? ಅ‍ಮ್ಮ, ಅದೇ ನಿನ್ನಜ್ಜಿ, ಹೋದ್ಮೇಲೆ ಪಾಪ ತುಂಗ ಒಲೆ ಹಿಡಿದ್ಲು, ಮನೆಗೋಸ್ಕರ ತ್ಯಾಗ ಮಾಡಿದ್ಲು ಅಂತ. ತ್ಯಾಗಾನೂ ಇಲ್ಲ, ಮಣ್ಣೂ ಇಲ್ಲ. ಒಲೆ ಪಕ್ಕದ ಜಾಗ ನಂಗೇ ಬೇಕಿತ್ತು. ಕೇಳಿ ಇಸ್ಕೊಂಡೆ. ಬೆಳಿಗ್ಗೆ ಆ ಮಂಚದ ಮೇಲೆ..." ಬೀದಿಯ ಕಡೆ ನೋಡಿದಳು. ಅಲ್ಲಿ ಎಲ್ಲ ಜಗಲಿಗಳಲ್ಲೂ ಜನ ಮಲಗಿದ್ದರು.

ಶಾಖ ಮೊದಲು ತಾಗಿದ್ದು ಕೈಗೆ. ಬಿಸಿಲಿನಲ್ಲಾದರೆ ರಾಣಮ್ಮನಿಗೆ ಮೊದಲು ಬಿಡುತ್ತದೆ, ನನ್ನ ಬೆರಳಿಗೆ ಆಮೇಲೆ. ಈ ಗಂಟಿನ ಕಾವು ನನ್ನ ತೊಗಲಿನೊಳಗಿಂದ ಬರುತ್ತಿತ್ತು. ರಾಣಮ್ಮ ಇನ್ನೂ ಕಡ್ಡಿ. ಕಿರುಬೆರಳು ಅದುರಿತು. ಉಂಗುರದ ಬೆರಳು ಏಳತೊಡಗಿತು. ಇದೇ, ಇದೇ ನಾನು ಇಷ್ಟು ದಿನ ಹೆದರಿದ್ದು. ನಿಲ್ಲು ಎಂದು ನನ್ನ ಬೆರಳಿಗೆ ನಾನೇ ಹೇಳಲಾಗದೆ ನೋಡುತ್ತಿದ್ದೆ. ಅತ್ತೆಯೂ ನೋಡಿದಳು. "ಅಯ್ಯೋ ಇವಳ," ಎಂದವಳೇ ತನ್ನ ಹೆಬ್ಬೆರಳನ್ನು ನನ್ನ ಅಂಗೈಯಲ್ಲಿ, ಹಾವುರಾಣಿಯ ಪಕ್ಕದಲ್ಲೇ, ಗೂಟದಂತೆ ನಿಲ್ಲಿಸಿದಳು. ನನ್ನ ಬೆರಳುಗಳು ಬಂದು ಅದನ್ನು ಬಿಗಿಯಾಗಿ ಹಿಡಿದವು. ಬಿಗಿ ಬಿಡುವ ಮುಷ್ಟಿಯ ಪಟ್ಟು ಉಡದ ಪಟ್ಟು. ಅವಳಿಗೆ ನೋವಾಗಿರಬೇಕು, ಹಲ್ಲು ಕಚ್ಚಿ ಕೂತಿದ್ದಳು. ಅವಳ ಹೆಬ್ಬೆರಳಿನ ಸೂರಿನಡಿಯಲ್ಲಿ ರಾಣಮ್ಮ ಮಿಸುಕಿತು, ನಾಲಿಗೆ ತೆಗೆದು ಅತ್ತೆಯ ಉಗುರನ್ನು ಒಮ್ಮೆ ನೆಕ್ಕಿತು, ಮಂಚದ ಮೇಲೆ ಇಳಿದು ಹೋಯಿತು.

ಅತ್ತೆ ಉಗುರನ್ನು ನೋಡಿಕೊಂಡಳು. ಸೀರೆಗೆ ಒರೆಸಿಕೊಂಡಳು. "ರಕ್ತ ಹೆಪ್ಪುಗಟ್ಟಿದ್ರೆ ನಿನ್ನ ಪುಸ್ತಕದವನನ್ನ ಕರೆಸ್ತೀನಿ," ಎಂದಳು. ಎದ್ದು ಹೋಗುವ ಮೊದಲು ತಲೆ ಸವರಿದಳು. "ಹೇಳೋಕೆ ಬಾಯಿ ಬಂದಾಗ ಹೇಳು. ನನ್ನ ಹಾಗೆ ಇಪ್ಪತ್ತು ವರ್ಷ ಇಟ್ಕೋಬೇಡ."

ಅಂದು ದಿನಚರಿಯಲ್ಲಿ "ಇಂದು ಮೋಡವಿತ್ತು" ಎಂದು ಬರೆದೆ. ತುಂಬ ಹೊತ್ತು ಕೂತು ಅದರ ಕೆಳಗೆ "ಅತ್ತೆಯ ಹೆಬ್ಬೆರಳು" ಎಂದು ಬರೆದೆ. ಇನ್ನೊಂದು ಸಾಲು ಬರೆಯಲು ಲೇಖನಿ ಎತ್ತಿ, ಮುಚ್ಚಿಟ್ಟೆ. ಬರೆದರೆ ಅದು ಪುಸ್ತಕದೊಳಗೇ ಮಲಗಿಬಿಡುತ್ತದೆ ಅನ್ನಿಸಿತು.

ನಾಲ್ಕು ದಿನ ಕಳೆದು, ಊಟವಾದ ಮೇಲೆ ಅಪ್ಪ ಕಂಬದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತರು. ರಾಣಮ್ಮನನ್ನು ಮೊದಲ ಬಾರಿಗೆ ಕೈಯಲ್ಲಿ ಎತ್ತಿಕೊಂಡರು. ಕಣ್ಣಿನ ಹತ್ತಿರ ಹಿಡಿದು, ಹದ ನೋಡುವಂತೆ ತಿರುಗಿಸಿದರು. ಮೊಂಡಾದ ಕಡೆ ಕಪ್ಪಗೆ ಪುಟ್ಟದೊಂದು ಮೊನೆ ಹೊರಟಿತ್ತು. "ಒಂದು ನೂಲು ಚಿಗುರಿದೆ," ಎಂದರು. ಬಡಗಿಗಳಿಗೆ ಅಂಗುಲಕ್ಕಿಂತ ಕೆಳಗಿನ ಅಳತೆ ನೂಲು. "ಗಾಯ ಮಾಗಿದೆ. ಚಪ್ಪಲಿ ಮೆಟ್ಕೋ ಮಗಾ, ಕಾಲುವೆವರೆಗೆ ಹೋಗ್ಬರೋಣ."

ಕೊಟ್ಟಿಗೆಯಿಂದ ಒಂದು ಪೆಟ್ಟಿಗೆ ತಂದರು. ನನ್ನ ಸೊಟ್ಟ ಮೊಳೆಯ ಪೆಟ್ಟಿಗೆಯಲ್ಲ. ಹಲಸಿನ ಹಲಗೆಯದು, ಅಂಚು ಉಜ್ಜಿ ನುಣುಪಾಗಿಸಿದ್ದು, ಸರಿಯುವ ಮುಚ್ಚಳಕ್ಕೆ ಗಾಳಿಗೆಂದು ಸಾಲಾಗಿ ತೂತು. ಕಾಲುವೆಯವರೆಗಿನ ಕಾಲು ಗಂಟೆಯ ದಾರಿಗೆ ಇಷ್ಟು ಚಂದದ ಪೆಟ್ಟಿಗೆ ಯಾಕೆ ಎಂದು ನಾನು ಕೇಳಲಿಲ್ಲ. ಅವರ ಕೈಗೆ ಒರಟು ಕೆಲಸ ಮಾಡಲು ಬರುವುದಿಲ್ಲ. ರಾಣಮ್ಮನನ್ನು ಒಳಗೆ ಬಿಟ್ಟು ಮುಚ್ಚಳ ಸರಿಸಿದರು. ಗಾಲಿಗಳಂತೆ, ಅದೂ ಸದ್ದು ಮಾಡಲಿಲ್ಲ.

ಅಮ್ಮ ಬಾಗಿಲಿಗೆ ಬಂದು ನಿಂತಳು. "ನೀರಿಗೆ ತೀರ ಹತ್ರ ಬಿಡಬೇಡಿ, ಕೊಕ್ಕರೆ ಇರ್ತವೆ," ಎಂದಳು. ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಾ ಕೂತಿದ್ದಳು. ಮೊರದ ಸದ್ದು ನಿಂತಿತು.

ನಾನು ಒಂದು ಕಾಲನ್ನು ಚಪ್ಪಲಿಗೆ ತೂರಿಸಿದ್ದೆ. ಇನ್ನೊಂದು ಕಾಲು ನೆಲದ ಮೇಲೆಯೇ ಇತ್ತು. ನಡುಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲೆ ಸುರಿಯುತ್ತಿತ್ತು, ಜಗಲಿಯ ಮೆಟ್ಟಿಲಿನ ಮೇಲೆ ಎಳ್ಳಷ್ಟೂ ನೆರಳಿರಲಿಲ್ಲ. ಆದರೂ ನನ್ನ ಕಾಲು ಏಳಲಿಲ್ಲ. ಬಾಯಿ ಮಾತ್ರ ತಯಾರಾಗಿತ್ತು, ಅದರಲ್ಲಿ "ಸರಿ" ಬಂದು ಕೂತಿತ್ತು. ಅಪ್ಪ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಅವರ ಮೂಗಿನ ಕೆಳಗೆ ಮರದ ಹೊಟ್ಟಿನ ಒಂದು ಕಣ ಅಂಟಿತ್ತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ, ಮೂಗನ್ನು ಸೊಟ್ಟ ಮಾಡುತ್ತಿದ್ದರು. ನಾನು ನಿಂತಲ್ಲಿಂದಲೇ ಕೈ ಚಾಚಿ ಅದನ್ನು ಬೆರಳಿನಿಂದ ತೆಗೆದೆ. ಅವರು ಏನೋ ನೆನಪಾದವರಂತೆ ನನ್ನನ್ನು ನೋಡಿದರು.

"ಹೋಗೋಣ ಮಗಾ? ಸರಿ ತಾನೆ?"

ಬಾಯಿಗೆ ಬಂದಿದ್ದ "ಸರಿ"ಯನ್ನು ನುಂಗಿಕೊಂಡೆ. ಹಿಂದಿನಿಂದ ಅತ್ತೆಯ ದನಿ ಬಂತು. ಬೆಳಿಗ್ಗೆ ಕೇಳುವ ಮಾತನ್ನು ಅವಳು ಮಟಮಟ ಮಧ್ಯಾಹ್ನದಲ್ಲಿ ಕೇಳಿದಳು.

"ಬಿಡ್ತಾ, ವಾರಿಜಾ?"

ಅದಕ್ಕೆ ಎಲ್ಲರೂ ಹೇಳುವ ಉತ್ತರ ಒಂದೇ. ಬೇರೆ ಉತ್ತರ ಹೇಳಿದವರನ್ನು ನಾನು ಕಂಡಿಲ್ಲ.

"ಇಲ್ಲ ಅತ್ತೆ, ಬಿಟ್ಟಿಲ್ಲ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ಹಲಗೆ ಬೆಚ್ಚಗಿತ್ತು. "ಅಪ್ಪಾ, ಬೆಳಿಗ್ಗೆ ನಿಮಗೆಲ್ಲ ಬಿಟ್ಟು ನೀವು ಒಳಗೆ ಹೋದ್ಮೇಲೆ, ಅಲ್ಲಿ ನಾನೊಬ್ಳೇ ಮಲಗಿರ್ತೀನಲ್ಲ, ಆಗ ನಂಗೆ ಭಯ ಆಗುತ್ತೆ."